ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದವರು

ನಮ್ಮ ಸರ್ ಹೋದರು ಎಂಬ ಸುದ್ದಿ ಬಂದಾಗ ನಾನು ಮುಂಡರಗಿ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ತಿನ್ನುತ್ತಿದ್ದೆ. ಕೈಯಲ್ಲಿದ್ದದ್ದನ್ನು ಕೆಳಗಿಡಬೇಕೋ ಮುಗಿಸಬೇಕೋ ಮೊದಲು ತಿಳಿಯಲಿಲ್ಲ. ಆಮೇಲೆ ಮುಗಿಸಿದೆ. ಅರ್ಧ ತಿಂದು ಎದ್ದು ಹೋಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ತಾಟಿನಾಗ ಬಿಟ್ಟು ಎದ್ದ ಹೋದ್ರ ಮಾಡಿದಾಕಿಗೆ ಹೆಂಗ ಅನಸ್ತೈತಿ ಅಂತ ಒಮ್ಮೆರ ವಿಚಾರ ಮಾಡೀಯೇನಲೇ?" ಎಂದು ನನಗೆ ಎಷ್ಟೋ ಸಲ ಬೈದಿದ್ದಾರೆ. ಹೀಗಾಗಿ ಕಣ್ಣೊರೆಸಿಕೊಳ್ಳುತ್ತಲೇ ತಿಂದೆ. ಅಂಗಡಿಯವನು "ಖಾರ ಆತೇನ್ರಿ?" ಎಂದು ನೀರು ತಂದಿಟ್ಟ.

ಗದಗಿನ ಅವರ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಕೋಟು ಹಾಕಿದ ಫೋಟೋವನ್ನೇ ಹುಡುಕಿ ತಂದಿದ್ದರು. ನನಗೆ ಗೊತ್ತಿದ್ದ ಮಟ್ಟಿಗೆ ಸರ್ ಕೋಟು ಹಾಕಿದ್ದು ಆ ಫೋಟೋ ತೆಗೆಯುವಾಗ ಮಾತ್ರ, ಅದೂ ಸ್ಟುಡಿಯೋದವನ ಕೋಟು. ಒಬ್ಬರಾದ ಮೇಲೆ ಒಬ್ಬರು ಎದ್ದು ಮೇರು ವಿದ್ವಾಂಸ, ಆಹಾರ ಸಂಸ್ಕೃತಿಯ ಅಧ್ಯಯನದ ಹರಿಕಾರ, ಅಜಾತಶತ್ರು ಎಂದೆಲ್ಲ ಹೇಳಿದರು. ಅಜಾತಶತ್ರುವಂತೆ! ಗದಗಿನಲ್ಲಿ ಅವರ ಜೊತೆ ಜಗಳ ಆಡದ ಹೋಟೆಲ್ ಮಾಲೀಕ ಇದ್ದರೆ ತೋರಿಸಲಿ. ಅವರೇ ಬದುಕಿದ್ದು ಆ ಸಭೆಗೆ ಬಂದಿದ್ದರೆ ಹಿಂದಿನ ಸಾಲಿನಲ್ಲಿ ಕೂತು, "ಚಾ ಯಾವಾಗ ಕೊಡತಾರಂತ?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನನಗೂ ಎರಡು ಮಾತಾಡಲು ಹೇಳಿದರು. ಮಾತಾಡಿದೆ, ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲ. ಗದಗಿಗೆ ಅಂಟಿಕೊಂಡ ಬೆಟಗೇರಿಯ ತುಂಬಿದ ಖಾನಾವಳಿಯಲ್ಲಿ ಈ ಮನುಷ್ಯ ನನ್ನ ಮರ್ಯಾದೆಯನ್ನು ಹರಾಜಿಗೆ ಇಟ್ಟವರು. ಒಬ್ಬ ಹುಡುಗಿಯ ಹೆಸರು ಉಳಿಸಲು ನನ್ನ ಹೆಸರನ್ನು ತೂರಿಬಿಟ್ಟವರು. ಹಾರ ಹಾಕಿದ ಫೋಟೋದ ಮುಂದೆ ನಿಂತು ಅದನ್ನೆಲ್ಲ ಹೇಗೆ ಹೇಳುವುದು? ಇಲ್ಲಿ ಹೇಳುತ್ತೇನೆ.

ಸರ್ ಸಮಾಜಶಾಸ್ತ್ರದ ಪ್ರಾಧ್ಯಾಪಕರು. ಉಳಿದವರು ಗುಡಿ, ಹಬ್ಬ, ಮದುವೆ ಹಾಡು ಎಂದು ಹಳ್ಳಿಹಳ್ಳಿ ಸುತ್ತುತ್ತಿದ್ದ ಕಾಲದಲ್ಲಿ ಇವರು ಹೋಟೆಲ್ ಹೊಕ್ಕರು. ಹೊಕ್ಕವರು ಹೊರಗೆ ಬರಲೇ ಇಲ್ಲ. ಚಹಾದಂಗಡಿ, ಖಾನಾವಳಿ, ಮಂಡಕ್ಕಿ ಗಿರಮಿಟ್ ಗಾಡಿ, ಬಸ್‌ಸ್ಟ್ಯಾಂಡಿನ ಕ್ಯಾಂಟೀನು, ಇವೇ ಅವರ ಗ್ರಂಥಾಲಯ. "ಮನ್ಯಾಗ ಮನಶ್ಯಾ ಹೆಂಡ್ತಿ ಹಾಕಿದ್ದ ಉಣ್ಣತಾನ. ಮದವ್ಯಾಗ ಬೀಗರು ಹಾಕಿದ್ದ ಉಣ್ಣತಾನ. ತನಗ ಬೇಕಾದ್ದನ್ನ ತಾನ ಬಾಯಿ ಬಿಟ್ಟು ಹೇಳಿ ತರಿಸಿಕೊಳ್ಳೋದು ಹೋಟೆಲಿನಾಗ ಅಷ್ಟ. ಅಂವ ಎಂಥಾಂವ ಅನ್ನೋದು ಅಲ್ಲೇ ಗೊತ್ತಾಕೈತಿ" ಎನ್ನುತ್ತಿದ್ದರು.

ಅವರು ಹುಟ್ಟಿದ್ದು ದೇವಸ್ಥಾನದ ಪೂಜೆಯ ಮನೆತನದಲ್ಲಿ. ಮನೆಯಲ್ಲಿ ಉಳ್ಳಾಗಡ್ಡಿ ಒಳಗೆ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ರೊಟ್ಟಿಗಿಂತ ಮೊದಲು ಉಳ್ಳಾಗಡ್ಡಿ ಬರದಿದ್ದರೆ ಇವರು ಕೂಗಾಡುತ್ತಿದ್ದರು. ಮಾತೂ ಹಾಗೆಯೇ. ಮನೆಯಲ್ಲಿ "ಅದ" ಎನ್ನುತ್ತಿದ್ದವರು ಹೋಟೆಲಿನ ಹೊಸ್ತಿಲು ದಾಟಿದ ಕೂಡಲೇ "ಐತಿ" ಎನ್ನತೊಡಗುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುತ್ತಿದ್ದೆವು, ಒಂದು ಸಲ ನನ್ನ ಎದುರೇ ಕೇಳಿದರು: "ಅಲ್ಲ, ಮಂದಿ ಅಡಗಿ ಉಂಡ್ರ ಸಂಶೋಧನಾ ಆಗ್ತದ. ನಾ ಮಾಡಿದ ಸಾರು ಉಂಡ್ರ ಯಾಕ ಆಗೂದಿಲ್ಲಂತ?" ಸರ್ ಗಂಭೀರವಾಗಿ, "ನಿನ್ನ ಸಾರಿನ ಬಗ್ಗೆ ಬರದ್ರ ನನಗ ಮರುದಿನ ಸಾರು ಸಿಗೂದಿಲ್ಲ" ಎಂದರು. ಅಂದು ರಾತ್ರಿ ಸಿಗಲಿಲ್ಲವಂತೆ.

ಹೋಟೆಲಿಗೆ ಹೋದವರೆಲ್ಲ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಾರೆ. ಸರ್ ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಮಾಲೀಕ ತಾನು ಎಲ್ಲಿ ಕೂತು ಉಣ್ಣುತ್ತಾನೆ, ಯಾವ ಪಾತ್ರೆಯಿಂದ ಹಾಕಿಕೊಳ್ಳುತ್ತಾನೆ ಎಂಬುದನ್ನು ನೋಡುವವರೆಗೆ ಆ ಹೋಟೆಲಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅಂಗಿಯ ಜೇಬಿನ ಮೇಲೆ ಒಂದು ಅರಿಶಿಣದ ಕಲೆ ಯಾವಾಗಲೂ ಇರುತ್ತಿತ್ತು. ಅಂಗಿ ಬದಲಾದರೂ ಕಲೆ ಬದಲಾಗುತ್ತಿರಲಿಲ್ಲ. ನಾನು ಪಿಎಚ್.ಡಿ.ಗೆ ಸೇರಿದ ಹೊಸದರಲ್ಲಿ ಖಾನಾವಳಿಯವರಿಗೆ ಕೇಳಲೆಂದು ಚೆಂದದ ಪ್ರಶ್ನಾವಳಿ ಟೈಪು ಮಾಡಿಸಿಕೊಂಡು ಹೋಗಿದ್ದೆ. ಸರ್ ಅದನ್ನು ಪೂರ್ತಿ ಓದಿದರು, ತಲೆದೂಗಿದರು, ಆಮೇಲೆ ಅದರಲ್ಲಿ ಭಜಿಯ ಎಣ್ಣೆ ಹಿಂಡಿದರು.

"ಪ್ರಶ್ನಿ ಕೇಳಿದ್ರ ಮಂದಿ ಉತ್ತರ ಕೊಡತಾರ" ಎಂದರು.

"ಅದಕ್ಕ ಅಲ್ಲೇನ್ರಿ ಸರ ಕೇಳೋದು?"

"ಉತ್ತರ ಯಾವನಿಗೆ ಬೇಕಾಗೇತಿ? ಖರೇ ಸಂಗ್ತಿ ಬೇಕು. ಹಸಿವಿ ಆಗೇತಿ ಅಂತ ಹೇಳಿ ಕುಂಡ್ರು. ಒಂದ ತಿಂಗಳ ಬಾಯಿ ತಗೀಬ್ಯಾಡ, ಉಣ್ಣಾಕಷ್ಟ ತಗಿ."

ಮುಂಡರಗಿಯ ಒಂದು ಮಿರ್ಚಿ ಅಂಗಡಿಯಲ್ಲಿ ಹೀಗೇ ಬಾಯಿ ತೆರೆಯದೆ ಹಲವು ಸಂಜೆ ಬಾಣಲೆಯನ್ನೇ ನೋಡುತ್ತ ಕೂತರು. ಕಡೆಗೆ ಅಂಗಡಿಯವನು ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿ ಹಿಡಿದುಕೊಂಡೇ ಎದುರು ಬಂದು ನಿಂತ. "ನೀವು ಎದುರಿನ ಅಂಗಡ್ಯಾಂವ ಕಳಿಸಿದ ಮಂದಿ. ನನ್ನ ಹಿಟ್ಟಿನಾಗ ಏನ ಹಾಕತೇನಿ ಅಂತ ಕದ್ದ ನೋಡಾಕ ಬಂದೀರಿ. ಖರೆ ಹೇಳ್ರಿ." ಸರ್ ಎದ್ದು ನಿಂತು ಕೈಮುಗಿದರು. "ಕದಿಯಾಕ ಬಂದೇನಿ, ಅದೇನ ಸುಳ್ಳಲ್ಲಪಾ. ಆದ್ರ ನಿನ್ನ ಹಿಟ್ಟಲ್ಲ. ಗಿರಾಕಿ ಬರೂಕಿಂತ ಮೊದಲ ಅಂವಗ ಎಷ್ಟ ಬೇಕು ಅಂತ ನಿನಗ ಹೆಂಗ ಗೊತ್ತಾಕೈತಿ, ಅದನ್ನ ಕದಿಯಾಕ ಬಂದೇನಿ." ಅಂಗಡಿಯವನ ಸಿಟ್ಟು ಎಲ್ಲಿ ಹೋಯಿತೋ. ಜಾರಿ ಪಕ್ಕಕ್ಕಿಟ್ಟು ಕತ್ತಲಾಗುವ ತನಕ ಹೇಳಿದ.

ಇನ್ನೊಂದು ಸಲ ಹೊರಗಿನಿಂದ ದೊಡ್ಡ ದೊಡ್ಡ ವಿದ್ವಾಂಸರು ಬಂದಿದ್ದರು. ಅವರಿಗೆ ಲಕ್ಕುಂಡಿಯ ಗುಡಿ ತೋರಿಸುವ ಕೆಲಸವನ್ನು ಕಾಲೇಜಿನವರು ಸರ್‌ಗೆ ವಹಿಸಿದರು. ಅದು ಕಾಲೇಜಿನವರ ತಪ್ಪು. ಗುಡಿಯ ಬಾಗಿಲವರೆಗೆ ಹೋದವರು ಎದುರಿಗೆ ಭಜಿ ಎಣ್ಣೆಗೆ ಬಿದ್ದ ಸದ್ದು ಕೇಳಿ ಹಾಗೇ ತಿರುಗಿದರು. ವಿದ್ವಾಂಸರಿಗೆ ಗಾಬರಿ. "ಗುಡಿ ಇಷ್ಟ ವರ್ಷ ನಿಂತೈತಿ, ಇನ್ನರ್ಧಾ ತಾಸು ನಿಂದ್ರತೈತಿ. ಭಜಿ ನಿಂದ್ರಾಂಗಿಲ್ಲ, ಬರ್ರಿ" ಎಂದು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದರು. ಅವರಲ್ಲಿ ಒಬ್ಬರು ಕೊನೆಗೂ ಗುಡಿ ನೋಡಲಿಲ್ಲ, ಹೊಟ್ಟೆ ಹಿಡಿದುಕೊಂಡು ಜೀಪಿನಲ್ಲೇ ಮಲಗಿದರು. ಆಮೇಲೆ ಯಾರೂ ಸರ್‌ಗೆ ಅತಿಥಿಗಳನ್ನು ವಹಿಸಲಿಲ್ಲ.

ಇಂಥವರ ಕೈಗೆ ನಾನು ಸಿಕ್ಕೆ. ಲಕ್ಷ್ಮೇಶ್ವರದ ನೇಕಾರರ ಮನೆಯ ಹುಡುಗ, ಎಂ.ಎ. ಮುಗಿದಿತ್ತು, ನೌಕರಿ ಇರಲಿಲ್ಲ, ಮದುವೆಯೂ ಇಲ್ಲ. ಸರ್ ನನ್ನನ್ನು ಬೆಟಗೇರಿಯ ಶಾಂತವ್ವನ ಖಾನಾವಳಿಗೆ ಕರೆದುಕೊಂಡು ಹೋದರು.

ಶಾಂತವ್ವನದೂ ನೇಕಾರರ ಮನೆಯೇ. ಒಂದು ಕಾಲಕ್ಕೆ ಪಡಸಾಲೆಯಲ್ಲಿ ಮಗ್ಗ ಇತ್ತು. ಗಂಡ ತೀರಿಕೊಂಡ ಮೇಲೆ ಮಗ್ಗ ಮಾರಿ, ಕಾಲು ಇಳಿಬಿಡುವ ಅದರ ಕುಣಿಯನ್ನು ಮುಚ್ಚಿಸಿ, ಮೇಲೆ ಮೇಜು ಹಾಕಿಸಿ ಖಾನಾವಳಿ ತೆರೆದಿದ್ದಳು. ದೊಡ್ಡ ಮಗಳನ್ನು ಕೊಟ್ಟಾಗಿತ್ತು. ಸಣ್ಣವಳು ಗಿರಿಜಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಡಿಗ್ರಿ ಓದಿದ ಹುಡುಗಿ. ನಾವು ಕೂತಲ್ಲಿಂದ ಅವಳು ಕಾಣುತ್ತಿರಲಿಲ್ಲ, ರೊಟ್ಟಿಯ ಸದ್ದು ಕೇಳುತ್ತಿತ್ತು. ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ತಾಟಿನ ಮೇಲೆ ಕೈ ಅಡ್ಡ ಹಿಡಿಯುವ ತನಕ ಶಾಂತವ್ವ ರೊಟ್ಟಿ ಹಾಕುವುದನ್ನು ನಿಲ್ಲಿಸುತ್ತಿರಲಿಲ್ಲ.

ತಿಂಗಳು ಬಾಯಿ ಮುಚ್ಚಿ ಉಂಡಾದ ಮೇಲೆ ಸರ್ ಬಾಯಿ ತೆರೆದರು. ಅವರದೊಂದು ಪದ್ಧತಿ ಇತ್ತು. ಮೊದಲಿಗೇ ಅಡುಗೆಯ ಬಗ್ಗೆ ಕೇಳಿದರೆ ಜನರಿಗೆ ಸಂಶಯ ಬರುತ್ತದೆ, ಬಳಗದ ಬಗ್ಗೆ ಕೇಳಿದರೆ ಮನಸ್ಸು ಬಿಚ್ಚುತ್ತಾರೆ ಎಂದು. ಪುಸ್ತಕದಲ್ಲಿ ಅದು ಸರಿಯೇ. ಆದರೆ ನಮ್ಮ ಕಡೆ ಮದುವೆಯ ವಯಸ್ಸಿನ ಹುಡುಗಿ ಇರುವ ಮನೆಯಲ್ಲಿ, ಮದುವೆಯ ವಯಸ್ಸಿನ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿರಿಯರೊಬ್ಬರು ಬಳಗದ ಬಗ್ಗೆ ಕೇಳಿದರೆ ಏನರ್ಥ ಎಂಬುದು ಸಣ್ಣ ಕೂಸಿಗೂ ಗೊತ್ತು. ನಮ್ಮ ಸರ್‌ಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ, ನಾನು ಎಣ್ಣೆಗಾಯಿಯಲ್ಲಿ ಮುಳುಗಿದ್ದೆ.

"ಶಾಂತವ್ವಾರ, ನಿಮ್ಮ ತವರಮನಿ ಯಾವೂರ್ರಿ?"

"ಶಿರಹಟ್ಟಿರಿ. ನಮ್ಮಣ್ಣಾರು ಅಲ್ಲೇ ಅದಾರ."

"ದೊಡ್ಡ ಮಗಳನ್ನ ಎಲ್ಲಿಗೆ ಕೊಟ್ಟೀರಿ? ಏನ ಮಾಡತಾರ ಅವರು?"

ಹೇಳಿದಳು.

"ಸಣ್ಣಾಕಿ ರೊಟ್ಟಿ ಬಡಿಯೋದು ಯಾರ ಕಡಿಂದ ಕಲ್ತಳು?"

"ನನ್ನ ಕಡಿಂದರಿ. ನಾ ನಮ್ಮತ್ತಿ ಕಡಿಂದ ಕಲ್ತೆ."

"ಮಂದಿ ಜಗ್ಗಿ ಬಂದಾಗ ಸಿಟ್ಟಿಗಿಟ್ಟ ಮಾಡತಾಳೇನು?"

"ಶಿವಶಿವಾ, ಸಿಟ್ಟ ಅಂದ್ರ ಏನಂತನ ನಮ್ಮ ಗಿರಿಜಾಗ ಗೊತ್ತಿಲ್ಲರಿ." ಒಳಗೆ ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ಜೋರಾಯಿತು.

ಆಮೇಲೆ ಶಾಂತವ್ವ ತಾನೂ ಒಂದು ಕೇಳಿದಳು. "ಈ ಹುಡುಗ ಯಾರ ಪೈಕಿರಿ?" ಮನೆಯವರ ವಿಶ್ವಾಸ ಗಳಿಸಲು ಇದೇ ಸಮಯ ಎಂದು ಸರ್ ಉತ್ಸಾಹದಿಂದ ಹೇಳಿದರು: "ನಿಮ್ಮ ಪೈಕೀನರಿ! ಲಕ್ಷ್ಮೇಶ್ವರದಾಂವ. ಮುತ್ತಜ್ಜನ ಕಾಲದಿಂದ ಮಗ್ಗದ ಮನಿ. ಎಂ.ಎ. ಮಾಡ್ಯಾನ. ಬೀಡಿ ಇಲ್ಲ, ಎಲಿ ಅಡಕಿ ಇಲ್ಲ. ಹಾಕಿದ್ದನ್ನ ಸುಮ್ನ ಉಂಡ ಏಳತಾನ."

"ಮದವಿ?"

"ಈಗ ಹಿಡದ ಕೆಲಸ ಒಂದ ಮುಗೀಲಿ ಅಂತ ನಾನ ತಡದೇನಿ."

ಹಿಡಿದ ಕೆಲಸ ಎಂದರೆ ಪಿಎಚ್.ಡಿ. ಶಾಂತವ್ವ ಏನು ತಿಳಿದಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮರುದಿನದಿಂದ ನನ್ನ ತಾಟಿಗೆ ತುಪ್ಪ ಬೀಳತೊಡಗಿತು. ಫ್ಯಾನಿನ ಕೆಳಗಿನ ಮೇಜು ನಮಗೇ ಖಾಲಿ ಇರುತ್ತಿತ್ತು. ಯಾವ ಹಬ್ಬವೂ ಇಲ್ಲದ ಒಂದು ಮಂಗಳವಾರ ಹೋಳಿಗೆ ಬಂತು. ನಿತ್ಯ ಬರುವ ಗಿರಾಕಿಗಳು ನನ್ನನ್ನು ನೋಡಿ ಮೀಸೆಯಲ್ಲಿ ನಗತೊಡಗಿದರು. ಗಿರಿಜಾ ನಾವು ಬಂದ ಕೂಡಲೇ ಹಿತ್ತಲಿಗೆ ಹೋಗತೊಡಗಿದಳು, ಆ ಹೊತ್ತಿಗೆ ರೊಟ್ಟಿಯ ಸದ್ದೂ ನಿಲ್ಲುತ್ತಿತ್ತು. ಸರ್ ಇದನ್ನೆಲ್ಲ ನೋಡಿ ಹಿಗ್ಗಿಹೋದರು. "ನೋಡಲೇ ಮಂಜ್ಯಾ, ನಮ್ಮನ್ನ ಒಳಗಿನವರನ್ನ ಮಾಡಿಕೊಂಡ್ರು. ಇದು ಸುಮ್ಮನ ಯಾರಿಗೂ ಸಿಗಾಂಗಿಲ್ಲ. ಎಷ್ಟೋ ಮಂದಿ ಇದಕ್ಕಂತ ವರ್ಷಗಟ್ಟಲೆ ಹೆಣಗತಾರ." ಅದು ನಿಜವೇ ಆಗಿತ್ತು. ಒಳಗಿನವರನ್ನಾಗಿ ಮಾಡಿಕೊಳ್ಳಲು ಮುಹೂರ್ತ ನೋಡುವುದೊಂದು ಬಾಕಿ ಇತ್ತು.

ಒಂದು ಭಾನುವಾರ ಮಧ್ಯಾಹ್ನ ಹೋದರೆ ಖಾನಾವಳಿಯ ಮೇಜುಗಳೆಲ್ಲ ಗೋಡೆಗೆ ಸರಿದಿವೆ. ನಡುವೆ ಜಮಖಾನೆ ಹಾಸಿದೆ. ಅದರ ಮೇಲೆ ಬಿಳಿ ಧೋತರದ ನಾಲ್ಕೈದು ಹಿರಿಯರು, ಅವರ ನಡುವೆ ತಲೆಗೆ ಪಟಗಾ ಸುತ್ತಿದ ಶಾಂತವ್ವನ ಅಣ್ಣ. ಊಟಕ್ಕೆ ಬಂದ ನಿತ್ಯದ ಗಿರಾಕಿಗಳು ಬಾಗಿಲಲ್ಲಿ ಗುಂಪು ಕಟ್ಟಿ ನಿಂತಿದ್ದಾರೆ. ಓಣಿಯ ಹೆಂಗಸರು ಕಿಟಕಿಯಲ್ಲಿ. ಸರ್ ಕಣ್ಣು ಅರಳಿದವು. ಅವರು ತಾವು ಕಾಣದ ಯಾವುದೋ ಆಚರಣೆ ಸಿಕ್ಕಿತೆಂದು ಪೆನ್ನು ತೆಗೆದರು.

"ಇವತ್ತೇನ ವಿಶೇಷರಿ?" ಎಂದು ಕೂರುತ್ತಲೇ ಕೇಳಿದರು.

"ವಿಶೇಷ ನೀವ ಹೇಳಬೇಕ್ರಿ" ಎಂದರು ಆ ಅಣ್ಣ, ಗಿರಿಜಾಳ ಶಿರಹಟ್ಟಿಯ ಮಾವ. "ಹುಡುಗನ ಕಡಿ ಹಿರ್ಯಾರು ನೀವ ಅಲ್ಲೇನು?"

ಅಷ್ಟರಲ್ಲಿ ಒಳಗಿನಿಂದ ಗಿರಿಜಾ ಬಂದಳು. ಇಳಕಲ್ ಸೀರೆ, ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಒಗ್ಗರಣೆ ಅವಲಕ್ಕಿಯ ತಾಟು. ಇಷ್ಟು ದಿನ ಉಂಡರೂ ನಾನು ಅವಳ ಮುಖ ಸರಿಯಾಗಿ ನೋಡಿದ್ದು ಅಂದೇ. ಸುಳ್ಳು ಯಾಕೆ ಹೇಳಲಿ, ಮೊದಲು ಗಾಬರಿಯಾಯಿತು, ಆದರೆ ಅದರ ಬೆನ್ನಿಗೇ 'ಆಗಲಿ ಬಿಡು' ಎಂದೂ ಅನ್ನಿಸಿತು. ಅವಳು ನನ್ನ ಮುಂದೆ ತಾಟು ಇಟ್ಟು, ಕಣ್ಣೆತ್ತದೆ ಎದುರು ಕೂತಳು.

ಸರ್ ಮುಖ ನೋಡಬೇಕಿತ್ತು. ಹುಟ್ಟಿದಾಗಿನಿಂದ ಮಂದಿಯನ್ನು ನೋಡುತ್ತ ಬಂದ ಮನುಷ್ಯ, ಮಂದಿ ತನ್ನನ್ನೂ ನೋಡುತ್ತಿದ್ದಾರೆ ಎಂಬುದು ಅವತ್ತೇ ತಿಳಿದವರಂತೆ ಕೂತರು. ಪೆನ್ನು ಮೆಲ್ಲಗೆ ಜೇಬಿಗೆ ಹೋಯಿತು. ನಾನು ಬಗ್ಗಿ ಅವರ ಕಿವಿಯಲ್ಲಿ, "ಸರ, ನಾವು ಸಂಶೋಧನಾಕ್ಕ ಬಂದವರು ಅಂತ ಹೇಳಿಬಿಡ್ರಿ" ಎಂದೆ.

"ಬಾಯಿ ಮುಚ್ಚಲೇ" ಎಂದು ಹಲ್ಲು ಕಚ್ಚಿ ಅಂದರು. "ದಿನಾ ಬಂದು ಉಂಡ್ರು, ನೋಡಿದ್ರು, ಒಲ್ಲೆ ಅಂತ ಎದ್ದ ಹೋದ್ರು ಅಂತ ಆಗತೈತಿ. ನಾಳಿ ಗದಗದಾಗ, ನಾಡ್ದ ಶಿರಹಟ್ಯಾಗ. ಮುಂದ ಈಕಿನ್ನ ನೋಡಾಕ ಬಂದವರೆಲ್ಲಾ ಮೊದಲ ಅದನ್ನ ಕೇಳತಾರ. ನಾವು ತಿಂದ ರೊಟ್ಟಿಗೆ ಆ ಹುಡುಗಿ ಜನ್ಮಾ ಹಾಳ ಆಗಬೇಕೇನು?"

ಅದು ಖರೇ ಮಾತು. ನಮ್ಮ ಊರುಗಳಲ್ಲಿ ಗಂಡು ಒಂದು ಡಜನ್ ಹೆಣ್ಣು ನೋಡಿ ಬಿಟ್ಟರೂ ಯಾರೂ ಕೇಳುವುದಿಲ್ಲ. ಹೆಣ್ಣನ್ನು ಇಷ್ಟು ದಿನ ನೋಡಿ ಬಿಟ್ಟರೆ ಅವಳಲ್ಲೇ ಏನೋ ಐಬು ಎನ್ನುತ್ತಾರೆ. ಶಾಂತವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಸರ್ ಗಂಟಲು ಸರಿ ಮಾಡಿಕೊಂಡು, "ಹಿರ್ಯಾರ ಅಪ್ಪಣಿ ಇದ್ರ ಹುಡುಗಿ ಕೂಡ ನಾನೊಬ್ಬನ ಎರಡ ಮಾತ ಆಡಬೇಕು" ಎಂದರು. ಮಾವನಿಗೆ ಅದು ಸರಿ ಕಾಣಲಿಲ್ಲ, ಆದರೆ ಪ್ರೊಫೆಸರರಿಗೆ ಇಲ್ಲ ಎನ್ನುವುದು ಹೇಗೆ? ಗಿರಿಜಾ ಎದ್ದು ಅಡುಗೆಮನೆಗೆ ಹೋದಳು, ಸರ್ ಹಿಂದೆ ಹೋದರು. ಬಾಗಿಲು ತೆರೆದೇ ಇತ್ತು, ಮಾತು ಮಾತ್ರ ಕೇಳಲಿಲ್ಲ. ನಾನು ಅವಲಕ್ಕಿಯ ಶೇಂಗಾ ಆರಿಸಿ ಆರಿಸಿ ತಿಂದೆ. ಸ್ವಲ್ಪ ಹೊತ್ತಿಗೆ ಸರ್ ಹೊರಗೆ ಬಂದರು. ಕೂರಲಿಲ್ಲ. ಬಾಗಿಲಲ್ಲಿ ನಿಂತವರಿಗೂ ಕಿಟಕಿಯಲ್ಲಿ ನಿಂತವರಿಗೂ ಕೇಳುವಂತೆ ಹೇಳಿದರು:

"ಹುಡುಗಿ ಒಲ್ಲೆ ಅಂದಾಳ್ರಿ."

ಜಮಖಾನೆಯ ಮೇಲೆ ಗದ್ದಲವೋ ಗದ್ದಲ. "ಆಕಿ ಒಲ್ಲೆ ಅಂದ್ಲಾ? ಆಕೀನಾ?" ಎಂದು ಮಾವ ಪಟಗಾ ತೆಗೆದು ತೊಡೆಯ ಮೇಲಿಟ್ಟರು. "ಎಂ.ಎ. ಹುಡುಗನ್ನ? ಯಾಕಂತ?"

ಸರ್ ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಎಷ್ಟು ಕನಿಕರ ಇತ್ತೆಂದರೆ, ನನಗೇ ನನ್ನ ಮೇಲೆ ಸಂಶಯ ಬಂತು. "ಅದನ್ನ ಹುಡುಗನ ಮುಂದ ಹೇಳೋದು ಛಂದ ಅಲ್ಲ್ರಿ" ಎಂದರು.

ಮುಗಿಯಿತು. ಕಿಟಕಿಯ ಹೆಂಗಸರೆಲ್ಲ ನನ್ನನ್ನು ತಲೆಯಿಂದ ಕಾಲಿನವರೆಗೆ ಹುಡುಕಿದರು, ಐಬು ಎಲ್ಲಿದೆ ಎಂದು. ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬ, "ಆತಲ್ಲರಿ ಯವ್ವಾ, ಇನ್ನರ ಊಟಕ್ಕ ಹಾಕ್ರಿ, ಡ್ಯೂಟಿಗೆ ಹೊತ್ತಾತು" ಎಂದ. ಮೇಜುಗಳು ಮತ್ತೆ ನಡುವಿಗೆ ಬಂದವು. ಸರ್ ಕೈ ತೊಳೆದು, ಒಲೆಯ ಕಡೆ ಮುಖ ಮಾಡಿ, ಊಟಕ್ಕೇ ಕೂತುಬಿಟ್ಟರು! ಶಾಂತವ್ವ ಅಳುತ್ತಲೇ ಅವರಿಗೆ ರೊಟ್ಟಿ ಹಾಕಿದಳು. ನನ್ನ ತಾಟಿಗೆ ತುಪ್ಪ ಬೀಳಲಿಲ್ಲ.

ಹೊರಗೆ ಬಂದ ಮೇಲೆ ನಾನು ಹರಿಹಾಯ್ದೆ. "ನನ್ನ ಮರ್ಯಾದಿ ಕಥಿ ಏನ್ರಿ ಸರ? ಇಷ್ಟು ದೊಡ್ಡ ಸುಳ್ಳ ಹೇಳಿದ್ರೆಲ್ಲಾ!"

"ನಿನ್ನ ಮರ್ಯಾದಿಗೇನ ಧಾಡಿ? ನಾಳಿ ಹೆಸರಿನ ಮುಂದ ಡಾಕ್ಟರ್ ಅಂತ ಬರತೈತಿ. ಅದರ ಕೆಳಗ ಎಲ್ಲಾ ಮುಚ್ಚತೈತಿ" ಎಂದು ಹಲ್ಲಿನಲ್ಲಿ ಸಿಕ್ಕ ಬದನೆಯ ತೊಟ್ಟು ತೆಗೆಯುತ್ತ ನಡೆದರು.

ಮುಚ್ಚಲಿಲ್ಲ. ಸುದ್ದಿ ನನಗಿಂತ ಮೊದಲು ಲಕ್ಷ್ಮೇಶ್ವರ ಮುಟ್ಟಿತ್ತು. ನಾನು ನಿದ್ದೆಯಲ್ಲಿ ಎದ್ದು ತಿರುಗುತ್ತೇನೆ ಎಂದು ಒಬ್ಬರು, ತಲೆಯ ಕೂದಲು ಖೊಟ್ಟಿ ಎಂದು ಇನ್ನೊಬ್ಬರು. ಮುಂಡರಗಿಯಲ್ಲಿ ಹೆಣ್ಣು ನೋಡಲು ಹೋದರೆ ಹುಡುಗಿಯ ಅಪ್ಪ ಚಹಾ ಕೊಡುವ ಮೊದಲೇ, "ಬೆಟಗೇರಿ ಹುಡುಗಿ ಯಾಕ ಒಲ್ಲೆ ಅಂದ್ಲರಿ?" ಎಂದು ಕೇಳಿದ. ಹಿರಿಯರಾಗಿ ನನ್ನ ಜೊತೆ ಬಂದಿದ್ದ ಸರ್ ಏನಾದರೂ ಹೇಳಿ ತೇಪೆ ಹಚ್ಚುತ್ತಾರೆಂದು ನಾನು ಆಸೆಯಿಂದ ನೋಡಿದೆ. ಅವರು, "ಕ್ಷೇತ್ರಕಾರ್ಯದಾಗ ಒಬ್ಬರು ನಂಬಿ ಹೇಳಿದ್ದನ್ನ ಇನ್ನೊಬ್ಬರ ಮುಂದ ಹೇಳಬಾರದು, ಅದು ನಮ್ಮ ವೃತ್ತಿಧರ್ಮ" ಎಂದುಬಿಟ್ಟರು! ಆ ಸಂಬಂಧವೂ ಹೋಯಿತು. ಸಿಟ್ಟಿನಲ್ಲಿ ನಾನು ಎರಡು ವಾರ ಅವರ ಜೊತೆ ಮಾತು ಬಿಟ್ಟೆ. ಅವರು ದಿನಾ ಸಂಜೆ ನನ್ನ ರೂಮಿಗೆ ಗಿರಮಿಟ್ ಕಟ್ಟಿಸಿ ಕಳಿಸಿದರು. ಆಮೇಲೆ ಅದೂ ಇದೂ ಆಗಿ, ಡೋಣಿ ಎಂಬ ಊರಿನ ಹುಡುಗಿಯೊಬ್ಬಳು ಈ ಕತೆಯನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕು ನನ್ನನ್ನು ಒಪ್ಪಿದಳು. ಇವತ್ತಿಗೂ ಅವಳಿಗೆ ಸಿಟ್ಟು ಬಂದಾಗ, "ಆಕಿ ಶಾಣ್ಯಾಕಿ ಇದ್ಲು" ಎನ್ನುತ್ತಾಳೆ.

ಗಿರಿಜಾಳದು ಬೇರೆಯೇ ಆಯಿತು. ಎಂ.ಎ. ಹುಡುಗನನ್ನು ಒಲ್ಲೆ ಎಂದವಳು ಎಂದರೆ ಸಾಮಾನ್ಯಳಲ್ಲ ಎಂದು ಊರು ತಿಳಿಯಿತು. ಶಿರಹಟ್ಟಿಯಿಂದ, ಗದಗಿನಿಂದ ಕೇಳಿಕೊಂಡು ಬಂದರು. ಅವಳು ಖಾನಾವಳಿ ಬಿಟ್ಟು ಬರುವುದಿಲ್ಲ ಎಂದಳು. ಕೊನೆಗೆ ಅದಕ್ಕೆ ಒಪ್ಪಿದವನನ್ನೇ ಮಾಡಿಕೊಂಡಳು. ಈಗ ಪಕ್ಕದ ಮನೆಯನ್ನೂ ಸೇರಿಸಿಕೊಂಡು ಖಾನಾವಳಿ ದೊಡ್ಡದಾಗಿದೆ. ನಾನು ಗದಗಿಗೆ ಹೋದಾಗಲೆಲ್ಲ ಅಲ್ಲೇ ಉಣ್ಣುತ್ತೇನೆ. ಅವಳು ನನ್ನನ್ನು "ಅಣ್ಣಾರ" ಎಂದು ಕರೆಯುತ್ತಾಳೆ. ಆ ಒಂದು ಶಬ್ದಕ್ಕೆ ಹೊಂದಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಶ್ರದ್ಧಾಂಜಲಿ ಸಭೆ ಮುಗಿಸಿ ನೇರ ಅಲ್ಲಿಗೇ ಹೋದೆ. ಊಟದ ಹೊತ್ತು ಮೀರಿತ್ತು, ಜನ ಇರಲಿಲ್ಲ. ಗಿರಿಜಾ ತಾನೇ ತಾಟು ತಂದಿಟ್ಟು ಎದುರು ಕೂತಳು. ಕಣ್ಣು ಕೆಂಪಾಗಿದ್ದವು. ಸ್ವಲ್ಪ ಹೊತ್ತು ಇಬ್ಬರೂ ಸರ್ ಬಗ್ಗೆ ಮಾತಾಡಿದೆವು, ನಕ್ಕೆವು. ಸಭೆಯಲ್ಲಿ ಎಲ್ಲರ ದೊಡ್ಡ ದೊಡ್ಡ ಮಾತು ಕೇಳಿ ಬಂದಿದ್ದೆನಲ್ಲ, ನನಗೂ ಒಂದು ದೊಡ್ಡ ಮಾತು ಆಡಬೇಕೆನಿಸಿತು.

"ಏನ ಅನ್ನು ತಂಗೀ, ನಿನ್ನ ಹೆಸರ ಉಳಸಾಕ ಅವತ್ತ ಸರ್ ಎಂಥಾ ಸುಳ್ಳ ಹೇಳಿದ್ರು! ಮಂದ್ಯಾಗ ನಾ ಬಿದ್ದೆ, ಹೋಗ್ಲಿ ಬಿಡು, ನಿಂದು ಛಲೋ ಆತು."

ಅವಳು ನನ್ನ ಮುಖವನ್ನೇ ನೋಡಿದಳು. "ಯಾವ ಸುಳ್ಳ್ರಿ ಅಣ್ಣಾರ?"

"ಅದ, ನೀ ಒಲ್ಲೆ ಅಂದಿ ಅಂತ."

"ನಾ ಖರೇನ ಒಲ್ಲೆ ಅಂದಿದ್ದೆನಲ್ಲರಿ ಮತ್ತ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಸರ್ ಒಳಗ ಬಂದ ಕೂಡ್ಲೆ ಕೈ ಮುಗದ್ರು" ಎಂದಳು. "'ತಂಗೀ, ತಪ್ಪ ಪೂರಾ ನಂದು, ನಾವು ಈ ಸಲುವಾಗಿ ಬಂದವರಲ್ಲ. ಆದ್ರ ಹುಡುಗ ಕೆಟ್ಟಾಂವಲ್ಲ. ನಿನಗ ಮನಸ ಇದ್ರ ಹೂಂ ಅನ್ನು, ಅವನ್ನ ಒಪ್ಪಸೋದು ನನಗ ಬಿಡು. ಇಲ್ಲಂದ್ರ ಇಲ್ಲ ಅನ್ನು. ನೀ ಏನ ಅಂತೀಯೋ ಅದನ್ನ ಹೊರಗ ಹೋಗಿ ಹೇಳತೇನಿ, ಒಂದ ಅಕ್ಷರ ಹೆಚ್ಚುಕಡಿಮಿ ಮಾಡಾಂಗಿಲ್ಲ' ಅಂದ್ರು. ನಾ ಇಲ್ಲ ಅಂದೆ."

"ಯಾಕ?" ಮದುವೆಯಾಗಿ ಮಕ್ಕಳು ಕಾಲೇಜಿಗೆ ಹೋಗುತ್ತಿರುವ ನಾನು, ನಗಬೇಡಿ, ಕೇಳಿಯೇಬಿಟ್ಟೆ.

ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ನಿಮ್ಮಾಗ ಏನೂ ಇರಲಿಲ್ಲ್ರಿ. ಖರೆ ಹೇಳಬೇಕಂದ್ರ ನಿಮ್ಮ ಮಾರಿ ಸೈತ ನಾ ನೋಡಿರಲಿಲ್ಲ. ಅಲ್ಲೀತನ ನನ್ನ ಯಾರೂ ಏನೂ ಕೇಳಿರಲಿಲ್ಲ ನೋಡ್ರಿ, ಸೀರಿ ಬಣ್ಣಾ ಸೈತ. ಅವತ್ತ ಅವರು ಕೇಳಿದ್ರಲಾ, ಒಮ್ಮೆ ಇಲ್ಲ ಅಂದ ನೋಡಬೇಕು ಅನಸ್ತು."

ಅಷ್ಟು ಹೇಳಿ, ಮಜ್ಜಿಗೆ ತರುತ್ತೇನೆಂದು ಒಳಗೆ ಹೋದಳು. ನಾನು ತಾಟಿನ ಮುಂದೆ ಕೂತೇ ಇದ್ದೆ. ಇಷ್ಟು ವರ್ಷ ನಾನು ಸರ್ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಕಂಡಕಂಡಲ್ಲಿ ಅವರನ್ನು ಸುಳ್ಳುಗಾರ ಎಂದಿದ್ದೆ, ಅವರ ಎದುರೇ ಎಷ್ಟೋ ಸಲ ಅಂದಿದ್ದೆ. ಪ್ರತಿ ಸಲವೂ ಅವರು ಹೊಟ್ಟೆ ಕುಣಿಸಿ ನಕ್ಕಿದ್ದರು. 'ಲೇ, ಆಕಿ ಖರೇನ ನಿನ್ನ ಒಲ್ಲೆ ಅಂದಿದ್ಲು' ಎಂದು ಒಂದು ಮಾತು ಹೇಳಿದ್ದರೆ ಅವರು ಪಾರಾಗುತ್ತಿದ್ದರು. ಹೇಳಲಿಲ್ಲ. ನನ್ನ ಹುಡುಗತನದ ಎದೆ ಒಡೆಯದಿರಲಿ ಎಂದು, ಸಾಯುವ ತನಕ ನನ್ನ ಬಾಯಲ್ಲಿ ಸುಳ್ಳುಗಾರ ಎನಿಸಿಕೊಂಡೇ ಇದ್ದರು. ಅವತ್ತು ಅವರು ಬದುಕಿದ್ದರೆ, ದೇವರಾಣೆ ಹೇಳುತ್ತೇನೆ, ಕೈ ಸಹಿತ ತೊಳೆಯದೆ ಅವರ ಮನೆಗೆ ಹೋಗಿ ಜಗಳ ತೆಗೆಯುತ್ತಿದ್ದೆ.